ವೈದ್ಯ ಎಫ್ರಾಯೀಮ್ ಮ್ಯಾಕ್ಡೊವೆಲನ ಚರಿತ್ರೆ

ನಮ್ಮ ಕರ್ಕಿಯಂಥ ಹಳ್ಳಿಗಳಲ್ಲಿ ಸ್ತ್ರೀಯರು ಕಿಬ್ಬೊಟ್ಟೆಯ ಬೇನೆಯನ್ನು ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವದುಂಟು. ಹೊಟ್ಟೆ ಬೆಳೆದರೆ ನೆರೆಯವರು ಬಸುರೆಂದು ಎಣಿಸುವರು. ಅಂಥಾ ಒಬ್ಬ ಸ್ತ್ರೀಯ ಪ್ರಾಣವನ್ನುಳಿಸಿದ ವೈದ್ಯನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಎಫ್ರಾಯೀಮನು 1771ನೇ ಇಸವಿ ನವೆಂಬರ್ 11ರಲ್ಲಿ ಅಮೇರಿಕದ ವರ್ಜೀನಿಯಾ ಸೀಮೆಯಲ್ಲಿ ಹುಟ್ಟಿದನು. ಅವನು ಹುಡುಗನಾಗಿರುವಾಗಲೇ ಅವನ ಕುಟುಂಬವು ಕೆಂಟಕಿ ಸೀಮೆಯ ಡ್ಯಾನ್ವಿಲ್ ಎಂಬ ಊರಿಗೆ ಹೋಗಿ ನೆಲಸಿತು. ಪ್ರಾಯಕ್ಕೆ ಬಂದ ಮೇಲೆ ಅವನು ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣಕ್ಕೆ ಹೋಗಿ, ಜಾನ್ ಬೆಲ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನ ಬಳಿಯಲ್ಲಿ ಕಲಿತು, ಪದವಿಯನ್ನು ಪಡೆಯದೆಯೇ 1795ರಲ್ಲಿ ಡ್ಯಾನ್ವಿಲಿಗೆ ಹಿಂತಿರುಗಿ ವೈದ್ಯವೃತ್ತಿಯನ್ನು ಆರಂಭಿಸಿದನು.

ಹೀಗಿರಲಾಗಿ 1809ರ ದಶಂಬರದಲ್ಲಿ 60 ಮೈಲು ದೂರದ ಒಂದು ಕಾಡುಪ್ರದೇಶದಿಂದ ಅವನಿಗೆ ಕರೆ ಬಂತು. ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಗೆ ದಿನ ತುಂಬಿದರೂ ಹೆರಿಗೆಯಾಗಲಿಲ್ಲ. ಅವಳಿ ಮಕ್ಕಳಿರಬೇಕೆಂದು ಎಲ್ಲರೂ ನಂಬಿದ್ದರು. ಮ್ಯಾಕ್ಡೊವೆಲನು ಪರೀಕ್ಷಿಸಿ ನೋಡಿದಾಗ ಗರ್ಭಕೋಶವು ಬರಿದಾಗಿತ್ತು. ಬೆಳೆದಿದ್ದದ್ದು ಅಂಡಾಶಯದ ಗಡ್ಡೆ. ಹೊಟ್ಟೆಯನ್ನು ಸೀಳಿದರೆ ಉರಿಯೂತವಾಗಿ ರೋಗಿಯು ಸಾಯುವದು ನಿಶ್ಚಯವೆಂದು ಆ ಕಾಲದ ಪಂಡಿತರು ಬೋಧಿಸುತ್ತಿದ್ದರು. ಅವನು ಇದೊಂದನ್ನೂ ಮರೆಮಾಡದೆ, ಇಂಥ ಚಿಕಿತ್ಸೆಯು ಹೊಸ ಪ್ರಯೋಗವೆಂದೂ ಆಕೆಯು ಡ್ಯಾನ್ವಿಲಿಗೆ ಬಂದರೆ ಮಾತ್ರ ಮಾಡುವೆನೆಂದೂ ಆಕೆಗೇ ತಿಳಿಸಿದನು. ಆಕೆಯು ಒಪ್ಪಿ, ಆ ಚಳಿಯಲ್ಲಿ, ಕರ್ಕಿಯಿಂದ ಕಾರವಾರಕ್ಕಿರುವ ದಾರಿಗಿಂತಲೂ ಹೆಚ್ಚು ದೂರವನ್ನು ಕುದುರೆಯ ಮೇಲೆ ಕೆಲವು ದಿವಸಗಳಲ್ಲಿ ಕ್ರಮಿಸಿ ಬಂದಳು. ಗಡ್ಡೆಯು ಜೀನಿನ ಕೊಂಬಿಗೆ ಒತ್ತಿ ಆಕೆಯ ಹೊಟ್ಟೆ ಕಂದಿಹೋಗಿತ್ತು. ವೈದ್ಯನ ಧೈರ್ಯವನ್ನು ಹೊಗಳುವವರು ಬಹು ಮಂದಿ. ನಮಗಾದರೋ ಈ ಸ್ತ್ರೀಯ ಧೈರ್ಯವೇ ದೊಡ್ಡದಾಗಿ ತೋರುತ್ತದೆ.

ಕ್ರಿಸ್ತ ಜನನದ ಹಬ್ಬದ ದಿವಸವೇ ಶಸ್ತ್ರಕ್ರಿಯೆ ನಡೆಯಿತೆಂದು ಪರಂಪರೆಯಾಗಿ ಹೇಳುತ್ತಾರೆ. ಸ್ಮೃತಿ ತಪ್ಪಿಸುವ ಔಷಧವು ಆಗ ಇರಲಿಲ್ಲ. ಈಥರಿನ ಉಪಯೋಗವು ಲೋಕಕ್ಕೆ ತಿಳಿದದ್ದು 1846ರಲ್ಲಿ. ಆಕೆಯು ಮೇಜಿನ ಮೇಲೆ ಮಲಗಿ ಕೀರ್ತನೆಗಳನ್ನು ಹೇಳುತ್ತಾ ನೋವನ್ನು ಸಹಿಸಿದಳಂತೆ. ವೈದ್ಯನು ಎಡಪಕ್ಕದಲ್ಲಿ 9 ಅಂಗುಲ ಸೀಳಿದ ಕೂಡಲೆ ಕರುಳುಗಳು ಹೊರಕ್ಕೆ ಬಂದವು. ಅವನು ಗರ್ಭನಾಳವನ್ನು ದಾರದಿಂದ ಬಿಗಿದು, ಗಡ್ಡೆಯೊಳಗಿನಿಂದ 15 ರಾತ್ತಲು ಲೋಳೆಯನ್ನು ತೆಗೆದು, ಬಳಿಕ ಏಳೂವರೆ ರಾತ್ತಲಿನ ಚೀಲವನ್ನೂ ಕೊಯ್ದು ತೆಗೆದನು. ಎಲ್ಲಾ ಸುಮಾರು 25 ನಿಮಿಷಗಳಲ್ಲಿ ಮುಗಿಯಿತು. ಐದನೆಯ ದಿವಸ ಅವನು ನೋಡಲು ಬಂದಾಗ ಆಕೆಯು ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು! 25 ದಿವಸಗಳಾದ ಮೇಲೆ ಮನೆಗೆ ಹೋದಳು.

1817ರಲ್ಲಿ ಅವನು ಇಂಥ ಮೂರು ಚಿಕಿತ್ಸೆಗಳನ್ನು ಕುರಿತು ಬರೆದು ಪ್ರಕಟಿಸಿದನು. ಉಳಿದ ಇಬ್ಬರು ಕರಿಯ ವರ್ಣದ ಸ್ತ್ರೀಯರು. ಗುಲಾಮತನವಿದ್ದ ಆ ಸೀಮೆಯಲ್ಲಿ ಅವರ ಹೆಸರನ್ನು ಬರೆಯುವದು ಅಗತ್ಯವೆಂದು ತೋರಲಿಲ್ಲ. ಇದು ಅವನ ಕೀರ್ತಿಗೆ ಅಂಟಿದ ಕಲೆಯೇ ಸರಿ. ಲಂಡನಿನ ಜೇಮ್ಸ್ ಜಾನ್ಸನ್ ಎಂಬ ವೈದ್ಯನು ಮೊದಲು ಇದನ್ನು ನಂಬದೆ ಹಾಸ್ಯಮಾಡಿ, 1826ರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದನು.

ಈ ಗಡ್ಡೆಗಳು ಯಾತರಿಂದ ಹುಟ್ಟುತ್ತವೆಂಬದು ಮ್ಯಾಕ್ಡೊವೆಲನಿಗೆ ತಿಳಿದಿರಲಿಲ್ಲ. ಈಗಲೂ ಪೂರ್ಣವಾಗಿ ತಿಳಿದಿಲ್ಲ. ರೋಗಾಣುಗಳು ಯೋನಿಮಾರ್ಗವಾಗಿ ಏರಿ ಗರ್ಭಕೋಶಕ್ಕೂ ಗರ್ಭನಾಳಗಳಿಗೂ ಸೇರಿದರೆ ಕಿಬ್ಬೊಟ್ಟೆಯ ನೋವು, ಜ್ವರ, ದುರ್ವಾಸನೆಯ ಬಿಳಿಸೆರಗು ಉಂಟಾಗುವವು. ಅಲಕ್ಷ್ಯಮಾಡಿದರೆ ಕೀವು ಕಟ್ಟುವದೂ ಬಂಜೆತನ ಬರುವದೂ ಉಂಟು. ಇಂಥ ಸೋಂಕಾದ ಸ್ತ್ರೀಯರಲ್ಲಿ ಅಂಡಾಶಯದ ಕೆಲವು ಜಾತಿಯ ಗಡ್ಡೆಗಳು ತುಸು ಹೆಚ್ಚಾಗಿ ಕಂಡವೆಂದು ಈಚಿನ ಶೋಧನೆಗಳು ತೋರಿಸಿವೆ. ಆದರೆ ಸೋಂಕೇ ಕಾರಣವೆಂದು ಸ್ಥಿರಪಟ್ಟಿಲ್ಲ. ಸೋಂಕಾದವರಲ್ಲಿ ಬಹುತರರಿಗೆ ಗಡ್ಡೆ ಬರುವದೇ ಇಲ್ಲ. ಆದಕಾರಣ ತಾಯಂದಿರು ಹೆದರಬೇಕಾದದ್ದಿಲ್ಲ, ಅಡಗಿಸಬೇಕಾದದ್ದೂ ಇಲ್ಲ. ಸೋಂಕು ಬೇಗ ತಿಳಿದರೆ ಔಷಧದಿಂದ ವಾಸಿಯಾಗುತ್ತದೆ. ದಾಂಪತ್ಯದಿಂದ ಬಂದ ಸೋಂಕಾದರೆ ಗಂಡನೂ ಔಷಧ ತೆಗೆದುಕೊಳ್ಳಬೇಕು. ಹೆಂಡತಿಯನ್ನು ಮಾತ್ರ ದೂರುವದು ನ್ಯಾಯವಲ್ಲ. ಹೊಟ್ಟೆಯುಬ್ಬರವು ವಾರಗಟ್ಟಲೆ ಇಳಿಯದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಪದೇಪದೇ ಮೂತ್ರಕ್ಕೆ ಹೋಗಬೇಕಾದರೆ, ಹೊನ್ನಾವರಕ್ಕಾಗಲಿ ಕುಮಟೆಗಾಗಲಿ ಹೋಗಿ ವೈದ್ಯರಿಗೆ ತೋರಿಸತಕ್ಕದ್ದು.

ಮ್ಯಾಕ್ಡೊವೆಲನು 1830ನೇ ಜೂನ್ 25ರಲ್ಲಿ ಹೊಟ್ಟೆಯೊಳಗಣ ಉರಿಯೂತದಿಂದಲೇ ತೀರಿಕೊಂಡನು. ಆಗ ಅವನಿಗೆ 58 ವರುಷ. ಜೇನ್ ಕ್ರಾಫರ್ಡಳು ತನ್ನ ವೈದ್ಯನ ತರುವಾಯ ಇನ್ನೂ 12 ವರುಷ ಬದುಕಿ 1842ರಲ್ಲಿ ಮರಣ ಹೊಂದಿದಳು.