ಶಿಕ್ಷೆಗೂ ಅಳತೆ ಬೇಕು ಎಂದ ಬೆಕ್ಕಾರಿಯಾ

ಕೊಲೆ ಮಾಡಿದವನಿಗೂ ಗಲ್ಲು, ಜೇಬಿನಿಂದ ಒಂದು ಶಿಲ್ಲಿಂಗ್‌ಗಿಂತ ಹೆಚ್ಚು ಕದ್ದವನಿಗೂ ಗಲ್ಲು! 18ನೇ ಶತಮಾನದ ಇಂಗ್ಲೆಂಡಿನ ಕಾನೂನು ಹೀಗಿತ್ತು. ಯುರೋಪಿನ ಉಳಿದ ಕಡೆ ತಪ್ಪೊಪ್ಪಿಸೋಕೆ ಚಿತ್ರಹಿಂಸೆ ಕೊಡೋದು ವಿಚಾರಣೆಯ ಭಾಗವೇ ಆಗಿತ್ತು. ಇದೆಲ್ಲ ಸರಿಯಲ್ಲ ಅಂತ ಬರೆದವನಿಗೆ ಆಗ ವಯಸ್ಸು ಬರೀ 26. ನಮ್ಮ ಸೀನಿಯರ್‌ಗಳಿಗಿಂತ ನಾಲ್ಕೈದು ವರ್ಷ ದೊಡ್ಡವನು, ಅಷ್ಟೇ.

ಚೆಸಾರೆ ಬೆಕ್ಕಾರಿಯಾ ಹುಟ್ಟಿದ್ದು 1738ರ ಮಾರ್ಚ್ 15ರಂದು, ಇಟಲಿಯ ಮಿಲಾನ್ ನಗರದ ಸಿರಿವಂತ ಮನೆತನದಲ್ಲಿ. ಪಾರ್ಮಾದ ಶಾಲೆಯಲ್ಲಿ ಅವನ ಗಣಿತ ನೋಡಿ ಗೆಳೆಯರು ಪುಟ್ಟ ನ್ಯೂಟನ್ ಅಂತ ಕರೀತಿದ್ದರಂತೆ. 1758ರಲ್ಲಿ ಪಾವಿಯಾದಲ್ಲಿ ಕಾನೂನು ಪದವಿ ಪಡೆದ. ಅಪ್ಪನ ವಿರೋಧ ಕಟ್ಟಿಕೊಂಡೇ 1761ರಲ್ಲಿ ತೆರೇಸಾಳನ್ನು ಮದುವೆಯಾದ.

ಸ್ವಭಾವದಲ್ಲಿ ನಾಚಿಕೆ, ಜೊತೆಗೆ ಸೋಮಾರಿತನ ಬೇರೆ. ಅವನನ್ನು ಬರೆಯೋಕೆ ಕೂರಿಸಿದ್ದು ಗೆಳೆಯರಾದ ವೆರ್ರಿ ಸಹೋದರರು. ಅವರಲ್ಲಿ ಅಲೆಸ್ಸಾಂಡ್ರೊಗೆ ಕೈದಿಗಳ ಅಹವಾಲು ಕೇಳುವ ಹುದ್ದೆ. ಜೈಲಿನೊಳಗಿನ ಸ್ಥಿತಿಯನ್ನು ಅವನು ಬಂದು ಹೇಳುತ್ತಿದ್ದ. ಸಂಜೆಯ ಹರಟೆ ಚರ್ಚೆಯಾಗಿ, ಚರ್ಚೆ ಪುಸ್ತಕವಾಯಿತು. ಅಪರಾಧ ಮತ್ತು ಶಿಕ್ಷೆಗಳ ಕುರಿತ ಆ ಚಿಕ್ಕ ಪುಸ್ತಕ 1764ರಲ್ಲಿ ಲಿವೋರ್ನೋದಲ್ಲಿ ಅಚ್ಚಾಯಿತು. ಭಯದಿಂದ ಲೇಖಕನ ಹೆಸರನ್ನೇ ಹಾಕಿರಲಿಲ್ಲ.

ಅವನ ವಾದ ನಮಗೆ ಸುಲಭವಾಗಿ ಅರ್ಥವಾಗುವಂಥದ್ದು. ಶಿಕ್ಷೆ ಅಪರಾಧದಿಂದಾದ ಹಾನಿಗೆ ತಕ್ಕಷ್ಟಿರಬೇಕು. ಅಪರಾಧ ತಡೆಯೋಕೆ ಬೇಕಾದ್ದಕ್ಕಿಂತ ಹೆಚ್ಚಾದದ್ದೆಲ್ಲ ಅನ್ಯಾಯ. ಕಳ್ಳತನಕ್ಕೂ ಕೊಲೆಗೂ ಒಂದೇ ಶಿಕ್ಷೆ ಇಟ್ಟರೆ ಕಳ್ಳ ಸಾಕ್ಷಿಯನ್ನೂ ಯಾಕೆ ಉಳಿಸುತ್ತಾನೆ? ಚಿತ್ರಹಿಂಸೆಯಲ್ಲಿ ಗಟ್ಟಿ ದೇಹದ ಅಪರಾಧಿ ಪಾರಾಗುತ್ತಾನೆ, ಬಡಕಲು ನಿರಪರಾಧಿ ಒಪ್ಪಿಕೊಂಡುಬಿಡುತ್ತಾನೆ. ಜನ ಹೆದರೋದು ಶಿಕ್ಷೆಯ ಕ್ರೌರ್ಯಕ್ಕಿಂತ, ಅದು ತಪ್ಪದೆ ಮತ್ತು ಬೇಗ ಬರುತ್ತದೆ ಅನ್ನೋ ಖಾತ್ರಿಗೆ. ಮರಣದಂಡನೆಯನ್ನೂ ಅವನು ಹೆಚ್ಚುಕಡಿಮೆ ಪೂರ್ತಿ ಬೇಡವೆಂದ.

1766ರಲ್ಲಿ ಚರ್ಚ್ ಈ ಪುಸ್ತಕವನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಅದೇ ವರ್ಷ ವೋಲ್ಟೇರ್ ಅದಕ್ಕೆ ವ್ಯಾಖ್ಯಾನ ಬರೆದ. ಪ್ಯಾರಿಸ್ ಪಂಡಿತರು ಕರೆಸಿ ಮೆರೆಸಿದರೆ, ನಮ್ಮ ಹೀರೋಗೆ ಮನೆ ನೆನಪಾಗಿ ಬೇಗನೆ ವಾಪಸ್ ಓಡಿಬಂದ! ಆಮೇಲೆ ಅಂಥ ಇನ್ನೊಂದು ಪುಸ್ತಕ ಬರೆಯಲಿಲ್ಲ. ಮಿಲಾನಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದ, ಸರ್ಕಾರಿ ಕೆಲಸ ಮಾಡಿದ, 1780ರಲ್ಲಿ ಅಳತೆಗಳಿಗೆ ದಶಮಾಂಶ ಪದ್ಧತಿ ಬೇಕೆಂದೂ ಸೂಚಿಸಿದ. 1794ರ ನವೆಂಬರ್ 28ರಂದು ತೀರಿಕೊಂಡ.

ಅಷ್ಟರಲ್ಲಿ ಪುಸ್ತಕ ತನ್ನ ಕೆಲಸ ಶುರುಮಾಡಿತ್ತು. 1786ರಲ್ಲಿ ಟಸ್ಕನಿ ಮರಣದಂಡನೆಯನ್ನೇ ರದ್ದು ಮಾಡಿತು. ಕ್ರೂರ ಶಿಕ್ಷೆ ಕೂಡದೆಂಬ ಮಾತು 1689ರಲ್ಲೇ ಇಂಗ್ಲೆಂಡಿನ ಕಾನೂನಿನಲ್ಲಿತ್ತು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೂ ಬಂತು. ಅಪರಾಧಕ್ಕೆ ತೀರಾ ಹೊಂದದ ಶಿಕ್ಷೆಯೂ ಕ್ರೂರವೇ ಅಂತ ಅಲ್ಲಿನ ನ್ಯಾಯಾಲಯಗಳು ಮುಂದೆ ಅರ್ಥೈಸಿದವು. ನಮ್ಮ ಸಂವಿಧಾನದಲ್ಲಿ ಆ ಪದಗಳಿಲ್ಲ. ಆದರೂ 1983ರಲ್ಲಿ ಸುಪ್ರೀಂ ಕೋರ್ಟ್, ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎಂದಿದ್ದ ಐಪಿಸಿ 303ನೇ ಸೆಕ್ಷನ್ನನ್ನು 14 ಮತ್ತು 21ನೇ ವಿಧಿಗಳ ಆಧಾರದಲ್ಲಿ ರದ್ದುಮಾಡಿತು.

ಘೋರ ಸುದ್ದಿ ಬಂದಾಗ ವಾಟ್ಸಾಪ್ ಗ್ರೂಪಲ್ಲಿ ನಾವೂ ನಡುಬೀದೀಲಿ ನೇಣಿಗೆ ಹಾಕಿ ಅಂತ ಟೈಪ್ ಮಾಡಿರ್ತೀವಿ. ಸಿಟ್ಟು ಸಹಜವೇ. ಆದರೆ ಸಿಕ್ಕಿಬಿದ್ದವನು ನಿರಪರಾಧಿಯಾಗಿದ್ದರೆ? ಸೆಂಡ್ ಒತ್ತುವ ಮುಂಚೆ ಇದೊಂದನ್ನು ಕೇಳಿಕೊಂಡರೆ ಸಾಕು, ಮಿಲಾನಿನ ಆ ನಾಚಿಕೆ ಹುಡುಗ ಬರೆದದ್ದು ನಮಗೂ ತಲುಪಿದ ಹಾಗೆ.