ಗುಬ್ಬಿಗೆ ಬಂದ ವಿಲಿಯಂ ಆರ್ಥರ್

ತುಮಕೂರಿನಿಂದ ತಿಪಟೂರಿನ ಕಡೆಗೆ ಹೊರಟರೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಗುಬ್ಬಿ ಸಿಗುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿರುವ ತೆಂಗಿನ ಸೀಮೆಗೆ ಈ ಪಟ್ಟಣವು ಹೆಬ್ಬಾಗಿಲಿನಂತಿದೆ. ವೀರಶೈವ ಕವಿ ಮಲ್ಲಣಾರ್ಯನ ಊರೆಂದೂ ಅಡಕೆಯ ದೊಡ್ಡ ಸಂತೆಯೆಂದೂ ಹೆಸರಾಗಿದ್ದ ಈ ಊರಿಗೆ 1839ರಲ್ಲಿ ಇಪ್ಪತ್ತು ವರ್ಷದ ತರುಣರೊಬ್ಬರು ಬಂದು ನೆಲೆಸಿದರು. ಅವರೇ ವಿಲಿಯಂ ಆರ್ಥರ್.

ಆರ್ಥರ್ ಅವರು 1819ರಲ್ಲಿ ಐರ್ಲೆಂಡಿನ ಆಂಟ್ರಿಮ್ ಪ್ರಾಂತದಲ್ಲಿ ಜನಿಸಿದರು. ಅವರು ಮೆಥಡಿಸ್ಟ್ ಪಂಥಕ್ಕೆ ಸೇರಿದವರು. ಆಂಗ್ಲಿಕನ್ ಸಭೆಯ ಪಾದ್ರಿಗಳಾಗಿದ್ದ ಜಾನ್ ವೆಸ್ಲಿಯವರು 18ನೆಯ ಶತಮಾನದಲ್ಲಿ ಹೂಡಿದ ಚಳವಳಿಯಿಂದ ಬೆಳೆದ ಪಂಥವಿದು. ವೆಸ್ಲಿಯವರು ದೇವಾಲಯದ ಗೋಡೆಗಳ ಹೊರಗೆ, ಬಯಲಿನಲ್ಲಿ ನಿಂತು ಬಡ ಕೂಲಿಕಾರರಿಗೆ ಉಪದೇಶಿಸಿದರು. ಭಕ್ತರನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಮಾಡಿ, ವಾರಕ್ಕೊಮ್ಮೆ ಕೂಡಿ ಕುಳಿತು ತಮ್ಮ ಸುಖದುಃಖಗಳನ್ನು ಹಂಚಿಕೊಂಡು ಪ್ರಾರ್ಥಿಸುವ ಪದ್ಧತಿಯನ್ನು ಹಾಕಿಕೊಟ್ಟರು. ದೀಕ್ಷೆ ಪಡೆಯದ ಸಾಮಾನ್ಯನಿಗೂ ಅಲ್ಲಿ ಉಪದೇಶಿಸುವ ಅವಕಾಶವಿತ್ತು. ಕಟ್ಟಡವಿಲ್ಲದ ಹಳ್ಳಿಯಲ್ಲಿಯೂ ಸಭೆ ಕೂಡಲು ಇದರಿಂದ ಸಾಧ್ಯವಾಯಿತು.

ಆಗ ಮೈಸೂರು ರಾಜ್ಯವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಥಾಮಸ್ ಹಾಡ್ಸನ್ ಎಂಬವರು 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕಾರ್ಯವನ್ನು ಆರಂಭಿಸಿದ್ದರು. ಮುಂದೆ ಕನ್ನಡ ವ್ಯಾಕರಣವೊಂದನ್ನು ಬರೆದ ಹಾಡ್ಸನ್ ಇವರೇ. ಆರ್ಥರ್ ಗುಬ್ಬಿಗೆ ಬಂದಾಗ ಅವರಿಗೆ ಕನ್ನಡದ ಪರಿಚಯವಿರಲಿಲ್ಲ. ದುಭಾಷಿಯನ್ನು ಇಟ್ಟುಕೊಂಡು ಕಾಲ ತಳ್ಳುವುದು ಅವರಿಗೆ ಸುಲಭವಾಗಿತ್ತು. ಆದರೆ ಆ ದಾರಿ ಅವರಿಗೆ ಒಗ್ಗಲಿಲ್ಲ. ಅಕ್ಷರಮಾಲೆಯಿಂದ ಆರಂಭಿಸಿ ಹಗಲಿರುಳೆನ್ನದೆ ಕನ್ನಡವನ್ನು ಅಭ್ಯಾಸ ಮಾಡಿದರು. ಸ್ವಲ್ಪ ಕಾಲದಲ್ಲಿಯೇ ಸಂತೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಜನರೊಡನೆ ಅವರ ಮಾತಿನಲ್ಲಿಯೇ ಸಂಭಾಷಿಸತೊಡಗಿದರು. ಕೇಳಲು ನೆರೆದವರು ಅನೇಕರು. ಮತ ಬದಲಿಸಿದವರು ಅತಿ ವಿರಳ. ಬಸವಣ್ಣನವರ ಕಾಲದಿಂದ ಬಂದ ಗಟ್ಟಿಯಾದ ಧರ್ಮಪರಂಪರೆಯುಳ್ಳ ಸೀಮೆಯಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂತಹ ದುಡಿಮೆಯ ನಡುವೆ ಅವರ ಕಣ್ಣುಗಳು ಕೆಟ್ಟವು. ಓದು ಬರಹಗಳೇ ಜೀವನವಾಗಿದ್ದವರಿಗೆ ಪುಸ್ತಕ ಹಿಡಿಯುವುದೇ ಅಸಾಧ್ಯವಾಯಿತು. ಕಷ್ಟಪಟ್ಟು ಕಲಿತ ಭಾಷೆ ಕೈಗೂಡುತ್ತಿದ್ದ ಹೊತ್ತಿಗೆ, 1841ರಲ್ಲಿ, ಅವರು ಗುಬ್ಬಿಯನ್ನು ಬಿಟ್ಟು ಹಿಂದಿರುಗಬೇಕಾಯಿತು. ಅವರು ಇಲ್ಲಿ ಇದ್ದುದು ಎರಡು ವರ್ಷಗಳಿಗಿಂತಲೂ ಕಡಮೆ. ಮತ್ತೆ ಕನ್ನಡ ನಾಡಿನಲ್ಲಿ ನೆಲೆಸುವ ಯೋಗ ಅವರಿಗೆ ಬರಲಿಲ್ಲ.

ಆದರೂ ಅವರು ಈ ನಾಡನ್ನು ಮರೆಯಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಇಲ್ಲಿಯ ನೆಲ, ಜನ, ಆಚಾರಗಳ ಚಿತ್ರ ಅದರಲ್ಲಿದೆ. ಅದರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅನ್ಯಧರ್ಮವನ್ನು ಅವರು ತೂಗಿದ್ದು ತಮ್ಮ ಧರ್ಮದ ತಕ್ಕಡಿಯಲ್ಲಿ. ಮುಂದೆ ಅವರು ಲಂಡನ್ನಿನ ವೆಸ್ಲಿಯನ್ ಮಿಷನರಿ ಸಂಘದ ಕಾರ್ಯದರ್ಶಿಗಳಾಗಿ, 1866ರಲ್ಲಿ ಮೆಥಡಿಸ್ಟ್ ಮಹಾಸಭೆಯ ಅಧ್ಯಕ್ಷರಾಗಿ, ಆಮೇಲೆ ಬೆಲ್‌ಫಾಸ್ಟಿನ ಕಾಲೇಜಿನ ಮುಖ್ಯಸ್ಥರಾಗಿ ಕೀರ್ತಿ ಪಡೆದರು. ಕಣ್ಣಿನ ಬಾಧೆಯ ಜೊತೆಗೆ ಕಂಠದ ಬೇನೆಯೂ ಸೇರಿ, ಹೆಸರಾಂತ ವಾಗ್ಮಿಗೆ ಮಾತೇ ಪ್ರಯಾಸವಾಯಿತು. ಲೇಖನಿಯಿಂದಲೇ ಕೆಲಸ ಸಾಗಿಸಿದ ಅವರು 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ನಿಧನರಾದರು.

ಆರ್ಥರ್ ಕಾಣದ ಬೆಳವಣಿಗೆ ಈ ಸೀಮೆಯಲ್ಲಿ ತಡವಾಗಿ ಬಂದಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಷನ್ನಿನವರು ತುಮಕೂರು, ಹಾಸನಗಳಲ್ಲಿ ಸಾಕಿ ಸಲಹಿದರು. ಹಳ್ಳಿಗಳ ಸಭೆಗಳಲ್ಲಿ ದೇಶೀಯ ಉಪದೇಶಿಗಳೇ ಕನ್ನಡದಲ್ಲಿ ವೇದವನ್ನು ಓದಿದರು. ಹೆಂಗಸರೂ ಗಂಡಸರೂ ಕನ್ನಡ ಕೀರ್ತನೆಗಳನ್ನು ಹಾಡಿದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಈ ಸಭೆಗೆ ಸೇರಿದ ಹಳ್ಳಿಗಳಲ್ಲಿ ಸುಗ್ಗಿಯ ಆರಾಧನೆಯೆಂಬುದೊಂದು ದೊಡ್ಡ ಹಬ್ಬ. ರೈತರು ತಂತಮ್ಮ ಬೆಳೆಯ ಮೊದಲ ಪಾಲನ್ನು ತಂದು ಪೀಠದ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಬಳಿಕ ಅಂಗಳದಲ್ಲಿ ಹರಾಜು ನಡೆಯುತ್ತದೆ. ಒಬ್ಬನು ಕೊಟ್ಟ ಕಾಯನ್ನು ಇನ್ನೊಬ್ಬನು ಸಂತೆಯ ಬೆಲೆಗಿಂತ ಹೆಚ್ಚಿಗೆ ಕೂಗಿ ಮನೆಗೆ ಒಯ್ಯುತ್ತಾನೆ.