ಯೀಸ್ಟಿಗೆ ಊಟವಿಟ್ಟು ನೋಡಿದ ಲೂಯಿ ಪಾಶ್ಚರ್



ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟವರೆಂದು ಲೂಯಿ ಪಾಶ್ಚರ್ ನಮಗೆ ಗೊತ್ತು. ಅದು 1885ರ ಮಾತು. ಅದಕ್ಕೂ 25 ವರ್ಷ ಹಿಂದೆ ಅವರು ಮಾಡಿದ ಯೀಸ್ಟ್ ಪ್ರಯೋಗವನ್ನು ನೆನೆಯುವವರು ಕಡಿಮೆ.

ಪಾಶ್ಚರ್ 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಪಟ್ಟಣದಲ್ಲಿ, ಚರ್ಮ ಹದಮಾಡುವ ಕಥೋಲಿಕ ಕುಟುಂಬದಲ್ಲಿ ಹುಟ್ಟಿದರು. ಮುಂದೆ ಲಿಲ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1856ರಲ್ಲಿ, ಬೀಟ್‌ರೂಟ್‌ನಿಂದ ಮದ್ಯಸಾರ ತೆಗೆಯುತ್ತಿದ್ದ ಉದ್ಯಮಿಯೊಬ್ಬರು ಸಹಾಯ ಕೇಳಿ ಬಂದರು. ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದು ಹುದುಗುವಿಕೆಯ ಬೆನ್ನು ಹತ್ತಿದರು.

ಜರ್ಮನಿಯ ಹೆಸರಾಂತ ರಸಾಯನಶಾಸ್ತ್ರಜ್ಞ ಲೀಬಿಗ್ ಅವರ ವಾದ ಬೇರೆಯಿತ್ತು: ಪ್ರೋಟೀನಿನಂಥ ವಸ್ತು ಕೊಳೆಯುವಾಗ ಸಕ್ಕರೆಯೂ ಒಡೆಯುತ್ತದೆ, ಅದಕ್ಕೆ ಜೀವ ಬೇಕಿಲ್ಲ. ಪಾಶ್ಚರ್ ಅಂಥ ವಸ್ತುವನ್ನೇ ಹಾಕದೆ ಪರೀಕ್ಷಿಸಿದರು. ನೀರಿನಲ್ಲಿ ಸಕ್ಕರೆ, ಅಮೋನಿಯಂ ಲವಣ ಮತ್ತು ಸುಟ್ಟ ಯೀಸ್ಟಿನ ಬೂದಿ ಬೆರೆಸಿ, ಗುಂಡುಸೂಜಿಯ ತಲೆಯಷ್ಟು ತಾಜಾ ಯೀಸ್ಟ್ ಬಿಟ್ಟರು. ಅದು ಬೆಳೆಯಿತು; ಸಕ್ಕರೆ ಮದ್ಯಸಾರವಾಯಿತು. ಸಕ್ಕರೆ ಇಂಗಾಲವನ್ನೂ ಶಕ್ತಿಯನ್ನೂ ಕೊಟ್ಟಿತು, ಲವಣ ಸಾರಜನಕ ಕೊಟ್ಟಿತು, ಬೂದಿ ಫಾಸ್ಫೇಟ್ ಮೊದಲಾದ ಖನಿಜ ಕೊಟ್ಟಿತು. ಮೂರರಲ್ಲಿ ಒಂದು ತಪ್ಪಿದರೂ ಬೆಳವಣಿಗೆ ಇಲ್ಲ. ಹಾಗಾದರೆ ಯೀಸ್ಟ್ ಕೊಳೆತ ವಸ್ತುವಲ್ಲ, ಉಂಡು ಬೆಳೆಯುವ ಜೀವಿ. ದ್ರಾಕ್ಷಿರಸದಲ್ಲಿ ಬೆಳೆಯುವಷ್ಟು ಚುರುಕಾಗಿ ಇಲ್ಲಿ ಬೆಳೆಯುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಬಲಿಪೂಜೆಯ ದ್ರಾಕ್ಷಾರಸವೂ ಇದೇ ಯೀಸ್ಟಿನ ಕೆಲಸ.

ಈ ಬರಹ 1860ರಲ್ಲಿ ಪ್ರಕಟವಾಯಿತು. ಹಿಂದಿನ ವರ್ಷವಷ್ಟೇ ಅವರ ಹಿರಿಯ ಮಗಳು ಜ್ಯಾನ್ ಟೈಫಾಯ್ಡ್‌ನಿಂದ ತೀರಿಕೊಂಡಿದ್ದಳು. 1866ರೊಳಗೆ ಇನ್ನಿಬ್ಬರು ಹೆಣ್ಣುಮಕ್ಕಳೂ ಹೋದರು. 1868ರಲ್ಲಿ ಪಾರ್ಶ್ವವಾಯು ಹೊಡೆದು ಅವರ ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ತಾನು ಮಾಡಿದರೆ ಆ ಪ್ರಯೋಗ ಫಲಿಸುತ್ತಿಲ್ಲವೆಂದು ಲೀಬಿಗ್ ತಕರಾರು ತೆಗೆದರು. ಬೇಕಾದಷ್ಟು ಯೀಸ್ಟನ್ನು ಅದೇ ದ್ರಾವಣದಲ್ಲಿ ಬೆಳೆಸಿ ತೋರಿಸುವೆನೆಂದು ಪಾಶ್ಚರ್ 1871ರಲ್ಲಿ ಸವಾಲು ಹಾಕಿದರು. ಲೀಬಿಗ್ ಅದನ್ನು ಒಪ್ಪಿಕೊಳ್ಳದೆಯೇ 1873ರಲ್ಲಿ ತೀರಿಕೊಂಡರು.

ಒಗಟು ಬಿಡಿಸಿದ್ದು ಬೆಲ್ಜಿಯಂನ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದ ವಿಲ್ಡಿಯರ್ಸ್, 1901ರಲ್ಲಿ. ಬಿಟ್ಟ ಯೀಸ್ಟ್ ತೀರಾ ಕಡಿಮೆಯಾದರೆ ಸಕ್ಕರೆ, ಲವಣ, ಖನಿಜ ಸಾಲವು. ಇನ್ನೊಂದು ವಸ್ತು ಚೂರಾದರೂ ಬೇಕು. ಸ್ವಲ್ಪ ಹೆಚ್ಚು ಯೀಸ್ಟ್ ಬಿಟ್ಟರೆ ಅದರೊಂದಿಗೇ ಆ ವಸ್ತುವೂ ಬಂದುಬಿಡುತ್ತದೆ. ಅದಕ್ಕೆ ಅವರು ಬಯೋಸ್ ಎಂದು ಹೆಸರಿಟ್ಟರು. ಅದರಲ್ಲಿ ಬಿ ಗುಂಪಿನ ವಿಟಮಿನ್‌ಗಳಿದ್ದವೆಂದು ಮುಂದೆ ತಿಳಿಯಿತು.

ಅಷ್ಟರಲ್ಲಿ ಪಾಶ್ಚರ್ ಇರಲಿಲ್ಲ. 1895ರ ಸೆಪ್ಟೆಂಬರ್ 28ರಂದು ಅವರು ಅಗಲಿದ್ದರು. ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅಂತ್ಯಸಂಸ್ಕಾರದ ಪೂಜೆ ನಡೆದಿತ್ತು. ವಿಜ್ಞಾನ ಓದುತ್ತಿರುವ ನಮ್ಮ ತಮ್ಮ ತಂಗಿಯರೇ, ಒಬ್ಬರು ಪ್ರಾಮಾಣಿಕವಾಗಿ ಅರ್ಧ ಮಾಡಿಟ್ಟ ಕೆಲಸವನ್ನು ಮುಂದಿನವರು ಪೂರ್ತಿ ಮಾಡುತ್ತಾರೆ. ನಮ್ಮ ಪಾಲಿನ ಅರ್ಧವನ್ನು ನಾವು ಚೊಕ್ಕವಾಗಿ ಮಾಡೋಣ.